ಹದವೂ ಮುಪ್ಪೂ

ಗಾಂಜಾ ಗಿಡದ ಮಾತು ಬಂದರೆ ನಮ್ಮವರು ಅದನ್ನು ಸೇದುವವರ ಬಗ್ಗೆ ಮಾತಾಡುತ್ತಾರೆ, ಇಲ್ಲವೆ ಸೇದುವವರನ್ನು ಹಿಡಿಯುವ ಪೊಲೀಸರ ಬಗ್ಗೆ. ಕೊಯ್ದು ಒಣಗಿಸಿ ಎತ್ತಿಟ್ಟ ಮೇಲೆ ಆ ಹೂವಿಗೆ ಏನಾಗುತ್ತದೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ನನ್ನ ಆಸಕ್ತಿ ಶುರುವಾಗುವುದೇ ಅಲ್ಲಿಂದ. ನಾನು ಸೇದುವವಳಲ್ಲ, ಸೇದಬೇಕೆನ್ನುವ ಆಸೆಯೂ ನನಗಿಲ್ಲ. ಆದರೆ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. ಮುಚ್ಚಿದ ಜಾಡಿಯೊಳಗೆ ಯಾವುದೇ ವಸ್ತು ತನ್ನಷ್ಟಕ್ಕೆ ಬದಲಾಗುತ್ತಿದೆ ಎಂದರೆ ನನ್ನ ಮನಸ್ಸು ಅತ್ತ ಓಡುತ್ತದೆ.

ನಾವಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್ ಊರಿನಲ್ಲಿ. 2018ರ ಅಕ್ಟೋಬರ್ 17ರಂದು ಈ ದೇಶ ಗಾಂಜಾವನ್ನು ಕಾನೂನುಬದ್ಧ ಮಾಡಿತು. ಒಂಟಾರಿಯೊದಲ್ಲಿ 19 ತುಂಬಿದವರು ಮನೆಯೊಂದಕ್ಕೆ 4 ಗಿಡ ಬೆಳೆಸಬಹುದು. ಹೊರಗೆ ಓಡಾಡುವಾಗ ಜೊತೆಯಲ್ಲಿ ಒಣಗಿದ್ದು 30 ಗ್ರಾಂ ಮೀರಬಾರದು. ಪಕ್ಕದ ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಸಲು ಬಿಡುವುದಿಲ್ಲ. ಆ ನಿಷೇಧವನ್ನು 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಊರಿನ ಓದುಗರಿಗೆ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇದೆಲ್ಲ ಇಲ್ಲಿನ ಸಂಗತಿ. ನಮ್ಮ ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಹಿತ್ತಲಲ್ಲಿ ಒಂದು ಗಾಂಜಾ ಗಿಡ ಬೆಳೆಸಿದರೂ ಅಪರಾಧ. ಇಲ್ಲಿಂದ ಒಂದು ಚಿಟಿಕೆಯನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಗಡಿ ದಾಟುವುದೂ ಅಪರಾಧ, ಹೋಗುವ ದೇಶ ಯಾವುದಾದರೂ ಸರಿ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಬೆರಳ ಗಂಟುಗಳಲ್ಲಿ ಸಂಧಿವಾತ, ರಾತ್ರಿ ನಿದ್ದೆ ಇಲ್ಲ. ವೈದ್ಯರೊಂದಿಗೆ ಮಾತಾಡಿಕೊಂಡೇ ಅವರು ಸಂಜೆ ಸ್ವಲ್ಪ ಗಾಂಜಾ ಬಳಸುತ್ತಾರೆ. ಟೊಮೆಟೊ ಸಾಲಿನ ಹಿಂದೆ, ಬೀದಿಗೆ ಕಾಣದ ಹಾಗೆ ಅವರ ಗಿಡಗಳು. ಸೆಪ್ಟೆಂಬರ್ ಕಳೆಯುತ್ತ ಬಂದಂತೆ ಇಲ್ಲಿ ಮಳೆ ಹಿಡಿದುಕೊಳ್ಳುತ್ತದೆ, ಬೆನ್ನಿಗೇ ಮಂಜು ಬೀಳುವ ಭಯ. ಹೂಗೊಂಚಲು ದಪ್ಪವಾದಷ್ಟೂ ಅದರ ಹೊಟ್ಟೆಯಲ್ಲಿ ಬೂದುಬಣ್ಣದ ಬೂಷ್ಟು ಕೂರುವ ಅಪಾಯ ಹೆಚ್ಚು. ಹಾಗಾಗಿ ಆ ದಿನಗಳಲ್ಲಿ ಅವರು ಬೆಳಗಿನ ಕಾಫಿ ಲೋಟ ಹಿಡಿದು ಒಂದೊಂದು ಗೊಂಚಲನ್ನೂ ಬಿಡಿಸಿ ಬಿಡಿಸಿ ನೋಡುವುದನ್ನು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದೆ. ನರ್ಸಿನ ಕಣ್ಣು ಅದು. ಕೊಯ್ಲಾದ ವರ್ಷವೊಂದರಲ್ಲಿ ಮೊಮ್ಮಗಳ ಮದುವೆಗೆಂದು ಪಶ್ಚಿಮದ ಪ್ರಾಂತ್ಯಕ್ಕೆ ಹೊರಟಾಗ ಜಾಡಿಗಳನ್ನು ನೋಡಿಕೊಳ್ಳುವ ಕೆಲಸವನ್ನು ನನಗೆ ಒಪ್ಪಿಸಿದರು. ಅವರ ಮನೆಯ ನೆಲಮಾಳಿಗೆಯಲ್ಲೇ ಹೋಗಿ ಮಾಡುವ ಕೆಲಸ. ಒಪ್ಪಿಕೊಂಡೆ.

ಕೊಯ್ದ ಕೂಡಲೇ ಜಾಡಿಗೆ ತುಂಬುವಂತಿಲ್ಲ. ಕೊಂಬೆಗಳನ್ನು ತಲೆಕೆಳಗಾಗಿ ಕಟ್ಟಿ, ಕತ್ತಲೆ ಕೋಣೆಯಲ್ಲಿ, ಹದಿನೈದರಿಂದ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ವಾರ, ಹತ್ತು ದಿನ ಬಿಡಬೇಕು. ಗಾಳಿ ಆಡಬೇಕು, ಆದರೆ ಫ್ಯಾನಿನ ಗಾಳಿ ನೇರವಾಗಿ ಹೂವಿನ ಮೇಲೆ ಬೀಸಬಾರದು. ಸಣ್ಣ ಕಡ್ಡಿಯನ್ನು ಬಗ್ಗಿಸಿದರೆ ಮಣಿಯದೆ ಲಟಕ್ಕನೆ ಮುರಿಯಬೇಕು, ಅದೇ ಸೂಚನೆ. ಅವಸರದಲ್ಲಿ ಒಲೆಯ ಬಿಸಿಗೆ ಹಿಡಿದು ಒಣಗಿಸಿದ್ದಕ್ಕೆ ಒಣಹುಲ್ಲಿನ ವಾಸನೆ ಅಂಟಿಕೊಳ್ಳುತ್ತದೆ, ಗಂಟಲಿಗೆ ಒರಟು. ನಿಧಾನವಾಗಿ ಒಣಗಿದ್ದರಲ್ಲಿ ಹಸಿರಿನ ಆ ಒಗರು ಇಳಿದಿರುತ್ತದೆ.

ಆಮೇಲೆ ಗಾಜಿನ ಜಾಡಿ. ಮುಕ್ಕಾಲು ಭಾಗ ಮಾತ್ರ ತುಂಬಬೇಕು, ಒತ್ತಬಾರದು. ಹೊರಗೆ ಒಣಗಿದಂತೆ ಕಂಡರೂ ದಂಟಿನೊಳಗೆ ನೀರು ಉಳಿದಿರುತ್ತದೆ. ಮುಚ್ಚಳ ಹಾಕಿದ ಮೇಲೆ ಆ ತೇವ ಒಳಗಿನಿಂದ ಹೊರಕ್ಕೆ ಹರಡಿ ಇಡೀ ಗೊಂಚಲು ಒಂದೇ ಹದಕ್ಕೆ ಬರುತ್ತದೆ. ಮೊದಲ ಎರಡು ವಾರ ದಿನಕ್ಕೊಮ್ಮೆಯಾದರೂ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಗಾಳಿಯಾಡಿಸಿ, ಹೂಗಳನ್ನು ಮೆಲ್ಲಗೆ ಅಲುಗಿಸಿ ಮತ್ತೆ ಮುಚ್ಚಬೇಕು. ನನಗೆ ಒಪ್ಪಿಸಿದ್ದು ಈ ಕೆಲಸ. ಪ್ರತಿ ಜಾಡಿಯೊಳಗೂ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ತೇವಮಾಪಕ ಇತ್ತು. ಅದು ಶೇ. 58ರಿಂದ 62ರ ನಡುವೆ ನಿಂತರೆ ಕ್ಷೇಮ. ಶೇ. 65 ದಾಟಿದರೆ ಬೂಷ್ಟಿಗೆ ಆಹ್ವಾನ. ಶೇ. 50ಕ್ಕಿಂತ ಇಳಿದರೆ ಹೂವಿನ ಮೈಮೇಲಿನ ಅಂಟುರೋಮಗಳು ಬಿರುಸಾಗಿ ಉದುರುತ್ತವೆ. ಗಿಡದ ಸತ್ವವೆಲ್ಲ ಇರುವುದು ಆ ರೋಮಗಳ ತುದಿಯ ಪುಟ್ಟ ಗುಂಡುಗಳಲ್ಲಿ. ಮುಚ್ಚಳ ತೆಗೆದಾಗ ಅಮೋನಿಯದ ಘಾಟು ಹೊಡೆದರೆ ಒಳಗೆ ತೇವ ಹೆಚ್ಚಾಗಿದೆ, ಸೂಕ್ಷ್ಮಜೀವಿಗಳು ಕೆಲಸ ಶುರುಮಾಡಿವೆ ಎಂದೇ ಅರ್ಥ. ಆಗ ಹೊರಗೆ ಹರಡಿ ಮತ್ತೆ ಒಣಗಿಸಬೇಕು.

ಮುಚ್ಚಳಕ್ಕೆ ಕೈ ಹಾಕುವ ಮೊದಲು ನಾನು ಕೈ ಒರೆಸಿಕೊಂಡೆ. ಯಾರೂ ಹೇಳಿರಲಿಲ್ಲ. ನಮ್ಮವ್ವ ಉಪ್ಪಿನಕಾಯಿ ಭರಣಿಯ ಬಿಳಿ ಅರಿವೆ ಬಿಚ್ಚುವಾಗ ಕೂಗುತ್ತಿದ್ದ ಮಾತು ಕೈಗೇ ನೆನಪಿತ್ತು: "ಹಸಿ ಕೈ ಹಚ್ಚಬ್ಯಾಡವಾ, ಬೂಷ್ಟು ಬರತದ." ಆಕೆಗೆ ಸಾಪೇಕ್ಷ ಆರ್ದ್ರತೆ ಎಂಬ ಪದ ಗೊತ್ತಿರಲಿಲ್ಲ, ತತ್ವ ಪೂರ್ತಿ ಗೊತ್ತಿತ್ತು. ತಿನಿಸಿನಲ್ಲಾಗಲಿ ಸೊಪ್ಪಿನಲ್ಲಾಗಲಿ ಒಟ್ಟು ನೀರು ಎಷ್ಟಿದೆ ಎನ್ನುವುದಕ್ಕಿಂತ ಬೂಷ್ಟಿಗೆ ಸಿಗುವ ಸಡಿಲ ನೀರು ಎಷ್ಟು ಎನ್ನುವುದು ಮುಖ್ಯ. ಉಪ್ಪು ಆ ನೀರನ್ನು ಕಟ್ಟಿಹಾಕುತ್ತದೆ, ಒಣಗಿಸುವುದು ಅದನ್ನು ತೆಗೆದುಬಿಡುತ್ತದೆ. ಉದ್ಯಮದವರು ಅದನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಒಣಗಿದ ಗಾಂಜಾ ಹೂವಿಗೆ 0.55ರಿಂದ 0.65 ಸರಿಯಾದ ಮಟ್ಟ. ತೇವಮಾಪಕದ ಅರವತ್ತರ ಆಚೀಚೆಯ ಅಂಕಿ ಬರುವುದೂ ಅಲ್ಲಿಂದಲೇ.

ಕಿಚನರಿನ ಚಳಿಗಾಲ ಈ ಕೆಲಸಕ್ಕೆ ಇನ್ನೊಂದು ಪರೀಕ್ಷೆ. ಹೊರಗೆ ಹಿಮ, ಒಳಗೆ ಹಗಲೂ ರಾತ್ರಿ ಹೀಟರು. ಮನೆಯ ಗಾಳಿ ನಮ್ಮ ತುಟಿ ಒಡೆಯುವಷ್ಟು ಒಣಗುತ್ತದೆ. ಅದೇ ಮನೆಯ ನೆಲಮಾಳಿಗೆ ಬೇಸಿಗೆಯಲ್ಲಿ ತೇವದ ಗೂಡು. ಮುಚ್ಚಳ ಸರಿಯಾಗಿ ಕೂರದ ಜಾಡಿಯಾದರೆ ಒಂದೇ ವರ್ಷದಲ್ಲಿ ಎರಡೂ ಅತಿಗಳನ್ನು ಕಾಣುತ್ತದೆ. ತೆಳು ಪ್ಲಾಸ್ಟಿಕ್ ಚೀಲ ಈ ಕಾರಣಕ್ಕೇ ಬೇಡ. ಅದು ಗಂಧವನ್ನು ಹಿಡಿದಿಡುವುದೂ ಇಲ್ಲ, ಗೊಂಚಲನ್ನು ಜಜ್ಜದೆ ಬಿಡುವುದೂ ಇಲ್ಲ.

ಬೂಷ್ಟಿನ ವಿಷಯದಲ್ಲಿ ಮೃದುವಾಗಿ ಮಾತಾಡಲು ನನ್ನಿಂದ ಆಗದು. ಕೆಟ್ಟ ಭಾಗವನ್ನು ಕಿತ್ತು ಉಳಿದದ್ದನ್ನು ಬಳಸುತ್ತೇವೆ ಎನ್ನುವವರಿದ್ದಾರೆ. ಅದು ತಪ್ಪು. ಕಣ್ಣಿಗೆ ಕಾಣುವ ಬಿಳಿ ಎಳೆಗಳು ಹುಟ್ಟುವ ಹೊತ್ತಿಗೆ ಕಾಣದ ಬೀಜಕಗಳು ಜಾಡಿ ತುಂಬ ಹರಡಿರುತ್ತವೆ. ಆಸ್ಪರ್ಜಿಲ್ಲಸ್ ಎಂಬ ಜಾತಿಯ ಬೂಷ್ಟು ಶ್ವಾಸಕೋಶಕ್ಕೆ ಹೋದರೆ ಗಟ್ಟಿ ಆರೋಗ್ಯದವರು ತಡೆದುಕೊಂಡಾರು. ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರಿಗೆ, ಅಂಗ ಕಸಿ ಮಾಡಿಸಿಕೊಂಡವರಿಗೆ ಅದು ಪ್ರಾಣಕ್ಕೇ ಬರಬಹುದು. ನೋವಿಗೆಂದೇ ಗಾಂಜಾ ಬಳಸುವವರಲ್ಲಿ ಇಂಥವರು ಇರುವುದರಿಂದ ಬೂಷ್ಟು ಕಂಡ ಜಾಡಿಯನ್ನು ಇಡಿಯಾಗಿ ಎಸೆಯುವುದೇ ದಾರಿ.

ಇಷ್ಟು ಹದದ ಮಾತಾಯಿತು. ಹದ ಬರಲು ಕೆಲವು ವಾರಗಳು, ಬಹಳವೆಂದರೆ ಕೆಲವು ತಿಂಗಳು ಸಾಕು. ಅಲ್ಲಿಗೆ ಆ ಜಾಡಿಯ ಏರುಗತಿ ಮುಗಿಯಿತು. ಆದರೆ ಇಲ್ಲಿನ ಎಷ್ಟೋ ಹವ್ಯಾಸಿಗಳು ವೈನ್‌ನ ಲೆಕ್ಕವನ್ನು ಇದಕ್ಕೂ ಹಚ್ಚುತ್ತಾರೆ. ವರ್ಷಗಟ್ಟಲೆ ಇಟ್ಟರೆ ಬೆಲೆ, ರುಚಿ, ಗುಣ ಎಲ್ಲ ಹೆಚ್ಚುತ್ತದೆಂದು ನಂಬುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹದಗೊಳ್ಳುವುದು ಒಂದು ಕ್ರಿಯೆ, ಮುಪ್ಪಾಗುವುದು ಬೇರೆಯೇ ಕ್ರಿಯೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಎರಡಕ್ಕೂ ಬೇಕಾದದ್ದು ಕಾಲ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿದುಕೊಳ್ಳುವುದರಲ್ಲೇ ಇಡುವವರ ಜಾಣ್ಮೆ ಇದೆ.

ರಸಾಯನ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹಸಿ ಗಿಡದಲ್ಲಿ ಮತ್ತು ತರುವ ಟಿಎಚ್‌ಸಿ ಬಹುಪಾಲು ಆಮ್ಲದ ರೂಪದಲ್ಲಿರುತ್ತದೆ. ಆ ರೂಪ ಮತ್ತು ತರುವುದಿಲ್ಲ. ಬಿಸಿ ತಗುಲಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಟಿಎಚ್‌ಸಿಯಾಗುತ್ತದೆ. ಜಾಡಿಯಲ್ಲಿ ಇಟ್ಟರೂ ಇದೇ ಬದಲಾವಣೆ ಬಹಳ ನಿಧಾನವಾಗಿ ನಡೆಯುತ್ತಿರುತ್ತದೆ. ಟಿಎಚ್‌ಸಿ ಅಲ್ಲಿಗೆ ನಿಲ್ಲುವುದಿಲ್ಲ. ಗಾಳಿಯ ಆಮ್ಲಜನಕ, ಬೆಳಕು, ಶಾಖ ಮೂರೂ ಸೇರಿ ಅದನ್ನು ತಿನ್ನುತ್ತವೆ. ನಾಲ್ಕು ಹೈಡ್ರೋಜನ್ ಪರಮಾಣುಗಳನ್ನು ಕಳೆದುಕೊಂಡು ಅದು ಕ್ಯಾನಬಿನಾಲ್ ಆಗುತ್ತದೆ, ಚಿಕ್ಕದಾಗಿ ಸಿಬಿಎನ್. ಇದರ ಮತ್ತು ಬಲು ಕಡಿಮೆ. ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಸಾಮಾನ್ಯ ಕೋಣೆಯ ಶಾಖದಲ್ಲಿಟ್ಟ ಗಾಂಜಾದ ಲೆಕ್ಕ ತೆಗೆದರು. ಮೊದಲ ವರ್ಷಕ್ಕೆ ಸುಮಾರು ಶೇ. 17ರಷ್ಟು ಟಿಎಚ್‌ಸಿ ಹೋಗಿತ್ತು, ಎರಡನೆಯ ವರ್ಷದ ಕೊನೆಗೆ ಶೇ. 27, ಮೂರಕ್ಕೆ ಶೇ. 35, ನಾಲ್ಕಕ್ಕೆ ಶೇ. 41. ಸಿಬಿಎನ್ ಎಷ್ಟು, ಟಿಎಚ್‌ಸಿ ಎಷ್ಟು ಎಂದು ಅಳೆದರೆ ಹೂವಿನ ವಯಸ್ಸನ್ನೇ ಅಂದಾಜು ಮಾಡಬಹುದು.

ಗಂಧಕ್ಕೆ ಇನ್ನೂ ಕಡಿಮೆ ಆಯುಸ್ಸು. ಮಿರ್ಸೀನ್, ನಿಂಬೆ ಸಿಪ್ಪೆಯಲ್ಲೂ ಇರುವ ಲಿಮೊನೀನ್, ದೇವದಾರು ಜಾತಿಯ ಮರಗಳ ಪೈನೀನ್, ಇವೆಲ್ಲ ಹಗುರ ಅಣುಗಳು. ಮುಚ್ಚಳ ತೆಗೆದಾಗಲೆಲ್ಲ ಒಂದಿಷ್ಟು ಹಾರಿಹೋಗುತ್ತವೆ. ಕಾಳುಮೆಣಸಿನಲ್ಲೂ ಲವಂಗದಲ್ಲೂ ಇರುವ ಕ್ಯಾರಿಯೋಫಿಲೀನ್ ಭಾರದ ಅಣು, ತಡವಾಗಿ ಹೋಗುತ್ತದೆ. ಆದ್ದರಿಂದಲೇ ಹಳೆ ಜಾಡಿಯಲ್ಲಿ ಹಣ್ಣಿನ ವಾಸನೆ ಅಡಗಿ ಮಸಾಲೆ ಡಬ್ಬಿಯ ತಳದ ಒಣ ಖಾರ ಮಾತ್ರ ಉಳಿಯುತ್ತದೆ.

ಬೆಳಕೇ ದೊಡ್ಡ ಶತ್ರು ಎಂಬುದು 1976ರಲ್ಲೇ ಪ್ರಕಟವಾದ ಸಂಗತಿ. ಲಂಡನ್ನಿನ ಫೇರ್‌ಬೇರ್ನ್ ಮತ್ತು ಸಂಗಡಿಗರು ಗಾಂಜಾವನ್ನು ಕತ್ತಲೆಯಲ್ಲೂ ಬೆಳಕಲ್ಲೂ, ತಂಪಲ್ಲೂ ಬಿಸಿಯಲ್ಲೂ ಇಟ್ಟು ನೋಡಿದರು. ಜತನದಿಂದ ತಯಾರಿಸಿ ಕತ್ತಲೆಯಲ್ಲಿಟ್ಟದ್ದು ಕೋಣೆಯ ಶಾಖದಲ್ಲೇ ಒಂದೆರಡು ವರ್ಷ ಸಾಕಷ್ಟು ಚೆನ್ನಾಗಿ ಉಳಿಯಿತು. ಹಾಗೆ ಉಳಿಯುವುದಕ್ಕೆ ಅವರು ಕೊಟ್ಟ ಕಾರಣ ನನಗೆ ಬಹಳ ಪ್ರಿಯ: ಗಿಡ ತನ್ನ ರಸವನ್ನು ಗ್ರಂಥಿಗಳೊಳಗೆ ತಾನೇ ಮುಚ್ಚಿಟ್ಟಿರುತ್ತದೆ, ಆ ಗ್ರಂಥಿ ಒಡೆಯದಿದ್ದರೆ ಗಾಳಿ ಒಳಹೋಗದು. ಅಂದರೆ ಜಾಡಿಯೊಳಗೆ ಸಾವಿರಾರು ಪುಟ್ಟ ಜಾಡಿಗಳಿವೆ. ಹೂವನ್ನು ಪುಡಿಮಾಡಿ ಇಡಬಾರದು, ಅಂಗೈಯಲ್ಲಿ ತಿಕ್ಕಬಾರದು, ಫ್ರೀಜರಿನಲ್ಲಿಟ್ಟು ಬಿರುಸಾದದ್ದನ್ನು ಅಲುಗಿಸಬಾರದು ಎಂದು ಬೆಳೆಗಾರರು ಹೇಳುವುದಕ್ಕೆ ಇದೇ ಆಧಾರ.

ಈ ಗಿಡದ ವಿಜ್ಞಾನ ಶುರುವಾದದ್ದೇ ಮುಪ್ಪಿನಿಂದ, ಅದೂ ನಮ್ಮ ದೇಶದ ಹಾದಿಯಲ್ಲಿ ಬಂದ ಮುಪ್ಪಿನಿಂದ. 1839ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ವೈದ್ಯ ಓಶಾನಸಿ ಅಲ್ಲಿನ ಗಾಂಜಾದ ಬಗ್ಗೆ ಬರೆದ ಮೇಲೆ ಬ್ರಿಟನ್ನಿನ ಔಷಧಿ ಅಂಗಡಿಗಳಲ್ಲಿ ಅದರ ಅರ್ಕ ಸಿಗತೊಡಗಿತು. ಆದರೆ ಒಂದು ಸೀಸೆ ರೋಗಿಯನ್ನು ಮಲಗಿಸಿದರೆ ಇನ್ನೊಂದು ಏನೂ ಮಾಡುತ್ತಿರಲಿಲ್ಲ. ಹಡಗಿನಲ್ಲಿ, ಗೋದಾಮಿನಲ್ಲಿ, ಅಂಗಡಿಯ ಕಪಾಟಿನಲ್ಲಿ ಸರಕು ಎಷ್ಟು ಕಾಲ ಕೂತಿತ್ತೋ ಯಾರಿಗೂ ಗೊತ್ತಿರುತ್ತಿರಲಿಲ್ಲ. 1932ರಲ್ಲಿ ಬ್ರಿಟಿಷ್ ಔಷಧಕೋಶದಿಂದ ಅದನ್ನು ಕೈಬಿಟ್ಟರು.

ಅದೇ ಕಾಲದ ಇನ್ನೊಂದು ಎಳೆ. 1893ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಗಾಂಜಾ, ಭಂಗಿ, ಚರಸ್ ಕುರಿತು ದೊಡ್ಡ ಆಯೋಗ ಕೂರಿಸಿತು. 1193 ಸಾಕ್ಷಿಗಳನ್ನು ವಿಚಾರಿಸಿದ ಆ ಆಯೋಗದ ವರದಿಯ ಸಂಪುಟಗಳಲ್ಲಿ ಬಂಗಾಳದ ನೌಗಾಂವಿನಲ್ಲಿ ಹೂವನ್ನು ಕಾಲಿಂದ ತುಳಿದು ಚಪ್ಪಟೆ ಮಾಡುವುದು, ಉರುಳಿಸಿ ದುಂಡಗೆ ಮಾಡುವುದು, ಉದುರಿದ್ದನ್ನು ಚೂರ್ ಎಂದು ಬೇರೆ ಇಡುವುದು ಎಲ್ಲ ದಾಖಲಾಗಿದೆ. ಚರಸ್ ಬರುತ್ತಿದ್ದುದು ಯಾರ್ಕಂದದಿಂದ, ಕಾರಾಕೋರಂ ಕಣಿವೆಗಳನ್ನು ದಾಟಿ ಲೇಹ್ ಮೂಲಕ ಪಂಜಾಬಿಗೆ. ಕೇಂಬ್ರಿಜಿನ ವುಡ್, ಸ್ಪೈವಿ ಮತ್ತು ಈಸ್ಟರ್‌ಫೀಲ್ಡ್ ಎಂಬ ರಸಾಯನಜ್ಞರು 1896ರಲ್ಲಿ ಚರಸ್‌ನಿಂದ ಒಂದು ಕೆಂಪು ಎಣ್ಣೆ ತೆಗೆದರು, ಮುಂದೆ ಅದರಿಂದ ಕ್ಯಾನಬಿನಾಲನ್ನು ಬೇರ್ಪಡಿಸಿದರು. ಈ ಗಿಡದಿಂದ ಶುದ್ಧವಾಗಿ ಸಿಕ್ಕ ಮೊದಲ ಕ್ಯಾನಬಿನಾಯ್ಡ್ ಅದು. ಸ್ಪೈವಿ ಮುಂದೆ ಪ್ರಯೋಗಾಲಯದ ಸ್ಫೋಟವೊಂದರಲ್ಲಿ ಗಾಯಗೊಂಡು ತೀರಿಕೊಂಡರು. ಈಸ್ಟರ್‌ಫೀಲ್ಡ್ ನ್ಯೂಜಿಲೆಂಡಿಗೆ ಹೋಗಿ ಅಲ್ಲಿ ಪ್ರಾಧ್ಯಾಪಕರಾದರು. ಕ್ಯಾನಬಿನಾಲಿನ ಪೂರ್ತಿ ರಚನೆ ಗೊತ್ತಾದದ್ದು 1940ರಲ್ಲಿ, ಇಲಿನಾಯಿಯ ಆಡಮ್ಸ್ ಮತ್ತು ಮ್ಯಾಂಚೆಸ್ಟರಿನ ಟಾಡ್ ಬೇರೆಬೇರೆಯಾಗಿ ಮಾಡಿದ ಕೆಲಸದಿಂದ. ಇಸ್ರೇಲಿನ ಮೆಷೂಲಮ್ ಮತ್ತು ಗಾವೊನಿ ನಿಜವಾದ ಟಿಎಚ್‌ಸಿಯನ್ನು ಬೇರ್ಪಡಿಸಿ ತೋರಿಸಿದ್ದು 1964ರಲ್ಲಿ. ಎಷ್ಟೋ ದಶಕ ಜಗತ್ತಿನ ಜಾಣ ರಸಾಯನಜ್ಞರ ಕೈಯಲ್ಲಿ ಇದ್ದದ್ದು ಕಾಲ ಕೆಡಿಸಿದ ಮೇಲೆ ಉಳಿದ ವಸ್ತು. ತಾಜಾ ಹೂವಿನಲ್ಲಿ ಹೆಚ್ಚುಕಡಿಮೆ ಇಲ್ಲದ್ದನ್ನು ಅವರು ಮೊದಲು ಕಂಡರು. ಅವರ ಶ್ರಮವನ್ನು ನೆನೆದರೆ ನನಗೆ ಗೌರವವೇ ಹುಟ್ಟುತ್ತದೆ. ಹಳತರಿಂದ ಹೊಸತಿನ ಕಡೆಗೆ ಹಿಂದಕ್ಕೆ ನಡೆದು ದಾರಿ ಹುಡುಕಿದವರು.

ಇದಕ್ಕಿಂತ ಹಳೆಯ ಜಾಡಿಯೂ ಇದೆ, ಅದು ಗಾಜಿನದಲ್ಲ. ಚೀನಾದ ತುರ್ಪಾನ್ ಬಳಿ, ಯಾಂಗ್‌ಹಾಯ್ ಸಮಾಧಿಗಳಲ್ಲಿ ಸುಮಾರು 2700 ವರ್ಷ ಹಿಂದೆ ಹೂಳಿದ ಒಬ್ಬ ಪುರುಷನ ಪಕ್ಕದಲ್ಲಿ 789 ಗ್ರಾಂ ಗಾಂಜಾ ಸಿಕ್ಕಿತು. ಒಣ ಮರುಭೂಮಿ, ಕ್ಷಾರದ ಮಣ್ಣು. ಹಸಿರು ಬಣ್ಣ ಇನ್ನೂ ಉಳಿದಿತ್ತು. 2008ರಲ್ಲಿ ಪರೀಕ್ಷೆಯ ಫಲ ಪ್ರಕಟವಾದಾಗ ಅದರಲ್ಲಿ ಕಂಡದ್ದು ಮುಖ್ಯವಾಗಿ ಸಿಬಿಎನ್. ಬೀಜಗಳು ಮೊಳೆಯಲಿಲ್ಲ. ಬೂಷ್ಟನ್ನು ಒಣಹವೆ ತಡೆಯಿತು, ಬೆಳಕನ್ನು ಮಣ್ಣು ತಡೆಯಿತು, ಆಮ್ಲಜನಕದ ಕೆಲಸವನ್ನು ಯಾವುದೂ ತಡೆಯಲಿಲ್ಲ. ಜತನ ಎಷ್ಟೇ ಇದ್ದರೂ ಮುಪ್ಪು ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ನಮ್ಮ ಕಡೆ ಈ ಸೊಪ್ಪಿಗೆ ಬೇರೆಯದೇ ಬಾಳಿದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಅದನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯ ಬಗ್ಗೆ ಪತ್ರಿಕೆಗಳು ಬರೆದಿವೆ. ಭಕ್ತಿಯಲ್ಲಿ ಕೈಯಿಂದ ಕೈಗೆ ಹೋಗುವ ವಸ್ತುವಿಗೆ ಜಾಡಿಯಲ್ಲಿ ಕೂತು ಹಳತಾಗುವ ಪ್ರಮೇಯವೇ ಬರುವುದಿಲ್ಲ. ಕೂಡಿಡುವುದು ಮನೆವಾರ್ತೆಯ ಬುದ್ಧಿ.

ಪಕ್ಕದ ಮನೆಯವರ ಮನೆವಾರ್ತೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಎರಡು. ಒಂದು, ಚೀಟಿ. ಪ್ರತಿ ಜಾಡಿಯ ಮೇಲೂ ತಳಿಯ ಹೆಸರು, ಕೊಯ್ದ ದಿನ, ಜಾಡಿಗೆ ತುಂಬಿದ ದಿನ, ತೂಕ. ಔಷಧಿ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದವರ ಅಭ್ಯಾಸ. ಎರಡು, ಬೀಗ. ಇಡೀ ಕಪಾಟಿಗೆ ಬೀಗ, ಬೀಗದ ಕೈ ಮೊಮ್ಮಕ್ಕಳ ಕೈಗೆ ಎಟುಕದ ಜಾಗದಲ್ಲಿ. ಕೆನಡಾದಲ್ಲಿ ಗಾಂಜಾ ಬೆರೆಸಿದ ತಿನಿಸುಗಳ ಮಾರಾಟಕ್ಕೆ ಅನುಮತಿ ಸಿಕ್ಕ ಮೇಲೆ ಅದನ್ನು ಅರಿಯದೆ ತಿಂದು ಆಸ್ಪತ್ರೆ ಸೇರುವ ಪುಟ್ಟ ಮಕ್ಕಳ ಸಂಖ್ಯೆ ಏರಿತು. ಒಂಟಾರಿಯೊ ಸೇರಿದಂತೆ ಹಲವು ಪ್ರಾಂತ್ಯಗಳ ಲೆಕ್ಕ ಇದನ್ನು ತೋರಿಸಿದೆ. ಇಲ್ಲಿ ತಿನಿಸಿನ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಕೂಡದು, ಪೊಟ್ಟಣ ಮಕ್ಕಳು ಬಿಚ್ಚಲಾಗದಂಥದ್ದಾಗಿರಬೇಕು. ಆದರೆ ಮನೆಯಲ್ಲೇ ತಯಾರಿಸಿದ ಬೆಣ್ಣೆ ಬಿಸ್ಕತ್ತಿಗೆ ಅಂಥ ಪೊಟ್ಟಣವಿಲ್ಲ, ಅಳತೆಯೂ ಇಲ್ಲ. ಜಾಡಿಯ ತೇವ ಶೇ. 60ರಲ್ಲಿದೆ ಎಂದು ಹೆಮ್ಮೆಪಡುವವರು ಮೊದಲು ಬೀಗ ತೋರಿಸಬೇಕು ಎಂದು ನಾನು ಕೇಳುತ್ತೇನೆ. ಮಗುವಿರುವ ಮನೆಯಲ್ಲಿ ಬೀಗವಿಲ್ಲದ ಜಾಡಿ ಎಷ್ಟು ಚೆನ್ನಾಗಿ ಹದಗೊಂಡಿದ್ದರೂ ಅದು ಅಪಾಯವೇ.

ಅವರು ಮದುವೆ ಮುಗಿಸಿ ಬಂದ ಮೇಲೆ ಒಂದು ಶನಿವಾರ ಹಳೆ ಜಾಡಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತೆವು. ಹಿಂದಿನ ವರ್ಷಗಳದ್ದೂ ಕೆಲವಿದ್ದವು. ಹಳೆಯದರ ಬಣ್ಣ ಹಸಿರಿನಿಂದ ಒಣ ಎಲೆಯ ಕಂದಿಗೆ ತಿರುಗಿತ್ತು, ಹತ್ತಿರ ಹಿಡಿದರಷ್ಟೇ ವಾಸನೆ. "ಹಳೆಯದು ನಿದ್ದೆಗೆ ಒಳ್ಳೆಯದಂತೆ, ಸಿಬಿಎನ್ ಹೆಚ್ಚಿರುತ್ತದಂತೆ, ಅದಕ್ಕೇ ಇಟ್ಟುಕೊಂಡಿದ್ದೆ" ಎಂದರು. ನಾನು ಓದಿದ್ದನ್ನು ಹೇಳಿದೆ. ಸಿಬಿಎನ್ ನಿದ್ದೆ ತರುತ್ತದೆಂಬ ಮಾತು ಮಾರುಕಟ್ಟೆಯಲ್ಲಿ ಜೋರಾಗಿದೆ, ಅದರ ಹಿಂದಿನ ಪುರಾವೆ ತೆಳು. ಅಲ್ಲದೆ ಹಳೆ ಹೂವಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯದೆ ಪ್ರಮಾಣ ನಿರ್ಧರಿಸುವುದು ಹೇಗೆ? ಅವರು ಸ್ವಲ್ಪ ಹೊತ್ತು ಚೀಟಿಗಳನ್ನೇ ನೋಡಿದರು. "ಪ್ರಮಾಣ ಗೊತ್ತಿಲ್ಲದ ಔಷಧವನ್ನು ನಾನು ಯಾವ ರೋಗಿಗೂ ಕೊಟ್ಟವಳಲ್ಲ" ಎಂದು ಎದ್ದರು.

ಎರಡು ವರ್ಷ ದಾಟಿದ್ದನ್ನೆಲ್ಲ ಒಂದು ಬಕೆಟ್ಟಿಗೆ ಸುರಿದೆವು. ನೀರು ಹಾಕಿ ಕಲಸಿ, ಬೆಕ್ಕಿನ ಮಲದ ಪೆಟ್ಟಿಗೆಗೆ ಹಾಕುವ ಮಣ್ಣನ್ನು ಬೆರೆಸಿ, ಯಾರೂ ಎತ್ತಿಕೊಂಡು ಬಳಸಲಾಗದ ಹಾಗೆ ಮಾಡಿ ಕಸಕ್ಕೆ ಕಟ್ಟಿದೆವು. ಖಾಲಿ ಜಾಡಿಗಳನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಬೋರಲಿಟ್ಟೆ. ಅಷ್ಟರಲ್ಲಿ ಅವರು ಪೆನ್ಸಿಲ್ ಹಿಡಿದು ತಮ್ಮ ತೋಟದ ಪುಸ್ತಕದಲ್ಲಿ ಒಂದು ವರ್ಷಕ್ಕೆ ತಮಗೆ ನಿಜವಾಗಿ ಎಷ್ಟು ಗ್ರಾಂ ಬೇಕು ಎಂದು ಲೆಕ್ಕ ಹಾಕುತ್ತಿದ್ದರು. ಕಾನೂನು ನಾಲ್ಕು ಗಿಡಕ್ಕೆ ಒಪ್ಪಿದರೂ ಅವರ ಲೆಕ್ಕಕ್ಕೆ ಒಂದು ಗಿಡದ ಹೂವು ಸಾಕಾಗಿ ಮಿಗುತ್ತಿತ್ತು. ಮೇ ತಿಂಗಳ ಕೊನೆಗೆ, ವಿಕ್ಟೋರಿಯಾ ಡೇ ರಜೆ ಕಳೆದು ಮಂಜಿನ ಭಯ ಹೋದ ಮೇಲೆ, ಗಾಂಜಾಕ್ಕೆ ಒಂದೇ ಗುಂಡಿ ತೋಡುವುದೆಂದು ತೀರ್ಮಾನಿಸಿದರು. ಉಳಿದ ಜಾಗಕ್ಕೆ ಏನು ಹಾಕೋಣ ಎಂದು ನನ್ನನ್ನು ಕೇಳಿದರು. ಮೆಂತ್ಯ ಹಾಕಿ ಎಂದೆ, ಬೀಜ ನಾನು ಕೊಡುತ್ತೇನೆ.